ಹಲಸಿನ ಬುಡದ ಹೂದೋಟ: ಪೊರಕೆ ಕೆಳಗಿಟ್ಟ ಮೇಲೆ

ಗೊಬ್ಬರಗುಂಡಿಯ ಏರಿಯ ಮೇಲೆ ಕರ್ಣಕುಂಡಲ ತುಂಬಿಕೊಂಡು ಹೂ ಬಿಟ್ಟಿತ್ತು. ಮೊಣಕಾಲೆತ್ತರದ ಗಿಡಗಳು, ರಸ ತುಂಬಿದ ಕಾಂಡ, ಎಲೆ ಸಂದಿಯಲ್ಲೆಲ್ಲ ತಿಳಿಗುಲಾಬಿ ಹೂ. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಹಲಸಿನ ಮರದ ಬುಡ. ಅಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಕೆಂಪು ನೆಲ, ಮೇಲೆ ಹಾವಸೆ, ಅಷ್ಟೇ. ಅದು 2021ರ ಆಗಸ್ಟ್, ಒಂದು ಭಾನುವಾರ. ನಾನೂ ಅಕ್ಕನೂ ಕೊಡೆ ಹಿಡಿದು ಎರಡನ್ನೂ ನೋಡುತ್ತ ನಿಂತಿದ್ದೆವು.

“ಇದನ್ನ ಯಾರು ನೆಟ್ಟಿದ್ದು?” ಅಂತ ಕೇಳಿದೆ.

“ಯಾರೂ ಇಲ್ಲ ತಮಾ. ಪ್ರತಿ ವರ್ಷ ತಾನೇ ಹುಟ್ತದೆ. ಗೊಬ್ಬರದ ಸೊಕ್ಕು,” ಅಂದಳು.

ಸೊಕ್ಕು ಗೊಬ್ಬರದ್ದಲ್ಲ ಅಂತ ಗೊತ್ತಾಗಲು ನಮಗೆ ಇನ್ನೂ ಹತ್ತು ತಿಂಗಳು ಬೇಕಾಯಿತು.

ಅಕ್ಕನ ಮನೆ ಶಿರಸಿ ಪೇಟೆಯಿಂದ 14 ಕಿ.ಮೀ. ನಾನು ಪೇಟೆಯಲ್ಲಿ ಇರುವವನು. ಭಾನುವಾರ ಬಿಡುವಾದರೆ ಬೈಕ್ ಹತ್ತಿ ಅಲ್ಲಿಗೆ. ಅವಳ ಮನೆಯ ಹಿಂದೆ 40 ಅಡಿ ಉದ್ದ, 25 ಅಡಿ ಅಗಲದ ಹಿತ್ತಲು ಇದೆ. ಬೆಂಗಳೂರಿನವರ ಲೆಕ್ಕದಲ್ಲಿ ಒಂದು ಥರ್ಟಿ ಫಾರ್ಟಿ ಸೈಟಿಗಿಂತ ಸ್ವಲ್ಪ ಕಮ್ಮಿ. ಅಷ್ಟರಲ್ಲಿ ಎರಡು ಹಳೇ ಹಲಸು, ಒಂದು ಅಪ್ಪೆಮಿಡಿ ಮಾವು, ಒಂದು ಮುರುಗಲು. ಪೂರ್ವದ ಅಂಚಿನಲ್ಲಿ ಎತ್ತರದ ಎರಡು ಮತ್ತಿ ಮರ. ಹಿತ್ತಲಿನ ಹಿಂದೆ ಆಳೆತ್ತರದ ಧರೆ, ಅಂದರೆ ಕಡಿದ ಮಣ್ಣಿನ ದಿಬ್ಬ, ಧರೆಯ ಮೇಲೆ ಬೆಟ್ಟಕ್ಕೆ ಹೋಗುವ ದಾರಿ. ಮಣ್ಣು ನಮ್ಮ ಕಡೆಯ ಮಾಮೂಲಿ ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಜಾರುತ್ತದೆ, ಬೇಸಿಗೆಯಲ್ಲಿ ಗುದ್ದಲಿಗೆ ಠಣ್ ಅನ್ನುತ್ತದೆ.

ಅಲ್ಲಿ ಹೂದೋಟ ಮಾಡಬೇಕು ಅಂತ ಅಕ್ಕನಿಗೆ ಬಹಳ ವರ್ಷದ ಆಸೆ. ಅಡುಗೆಮನೆ ಕಿಟಕಿ ಆ ಕಡೆಗೇ ತೆರೆದುಕೊಳ್ಳುತ್ತದೆ. ದಿನದ ಅರ್ಧ ಹೊತ್ತು ಅವಳ ಕಣ್ಣಿಗೆ ಬೀಳುವುದು ಆ ಕೆಂಪು ನೆಲವೇ.

ಮೊದಲು ಮಾಡಿದ್ದೆಲ್ಲ ದಂಡ

2019ರಲ್ಲಿ ಆರು ಗುಲಾಬಿ ಗಿಡ ತಂದಳು. ಮಳೆಗಾಲ ಮುಗಿಯುವುದರೊಳಗೆ ನಾಲ್ಕು ಸತ್ತವು. ಉಳಿದೆರಡು ಕಪ್ಪು ಚುಕ್ಕೆ ಬಿದ್ದು ಬೋಳಾದವು. ಮರುವರ್ಷ ದಾಸವಾಳ. ಅದು ಸಾಯಲಿಲ್ಲ, ಬೆಳಕು ಹುಡುಕಿಕೊಂಡು ಎಂಟು ಅಡಿ ಎದ್ದಿತು. ತುದಿಯಲ್ಲಿ ನಾಲ್ಕು ಎಲೆ, ಹೂ ಇಲ್ಲ. ಆಮೇಲೆ ಹುಲ್ಲುಹಾಸು. ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದ ಹುಲ್ಲು ಹಲಸಿನ ಬುಡದಲ್ಲಿ ಒಂದೂವರೆ ತಿಂಗಳು ಬಾಳಿತು.

ಒಂದು ತಪ್ಪು ನನ್ನದೇ. ಮರದ ಬೇರು ಮೇಲೇ ಇದೆ, ಗಿಡಕ್ಕೆ ಮಣ್ಣು ಸಾಲದು ಅಂತ ತೋಟದಿಂದ ಮಣ್ಣು ಹೊರಿಸಿ ಒಂದು ಹಲಸಿನ ಬುಡದ ಸುತ್ತ ಒಂದಡಿ ಎತ್ತರದ ಕಟ್ಟೆ ಮಾಡಿಸಿದೆ. ನೋಡಲು ಚೆಂದ ಇತ್ತು. ಮರುವರ್ಷ ಭಾವ ಕಟ್ಟೆಯ ಮಣ್ಣು ಸರಿಸಿ ತೋರಿಸಿದರು. ಮಣ್ಣು ತಾಗಿದಷ್ಟು ತೊಗಟೆ ಮೆತ್ತಗಾಗಿ ಕೊಳೆಯಲು ಶುರುವಾಗಿತ್ತು. ಮರದ ಕಾಂಡಕ್ಕೆ ಗಾಳಿ ಬೇಕು, ಬೇರಿಗೂ ಬೇಕು. ಮೇಲೆ ಮಣ್ಣು ಪೇರಿಸಿದರೆ ಎರಡಕ್ಕೂ ಉಸಿರು ಕಟ್ಟುತ್ತದೆ. ಕಟ್ಟೆ ಕೆಡವಿದೆವು. ಆ ಮರ ಉಳಿಯಿತು, ಆದರೆ ಆ ಬದಿಯ ಗಾಯ ಈಗಲೂ ಕಾಣುತ್ತದೆ. ಅದನ್ನು ನೋಡಿದಾಗೆಲ್ಲ ಭಾವ ನನ್ನ ಮುಖ ನೋಡುತ್ತಾರೆ.

ಹೆಂಚಿನ ಮೂಲೆ

2021ರ ನವೆಂಬರಿನಲ್ಲಿ ಮಾಡಿನ ಕೆಲಸ ನಡೆಯಿತು. ಇಳಿಸಿದ ಹಳೇ ಹೆಂಚನ್ನು ಭಾವ ಬಚ್ಚಲುಮನೆ ಹಿಂದಿನ ಮೂಲೆಯಲ್ಲಿ, ಹಲಸಿನ ನೆರಳಿನಲ್ಲೇ, ಸಾಲಾಗಿ ಪೇರಿಸಿದರು. ಮುಂದಿನ ಜೂನ್‌ನಲ್ಲಿ ಅಕ್ಕ ಫೋನ್ ಮಾಡಿದಳು. ಹೆಂಚಿನ ಸಾಲುಗಳ ನಡುವೆ ಕರ್ಣಕುಂಡಲದ ಸಸಿ ಎದ್ದಿದೆ, ಎಣಿಸಿದೆ, 23 ಇದೆ ಅಂತ. ಗೊಬ್ಬರ ಹಾಕಿರಲಿಲ್ಲ. ಮಣ್ಣು ಅದೇ. ನೆರಳು ಅದೇ. ಎರಡು ಮಾರು ಈಚೆಗೆ ಬಂದರೆ ಮತ್ತೆ ಬೋಳು ನೆಲ.

ವ್ಯತ್ಯಾಸ ಇದ್ದದ್ದು ಒಂದೇ. ಹೆಂಚಿನ ಸಂದಿಗೆ ಪೊರಕೆ ಹೋಗಿರಲಿಲ್ಲ.

ಆ ಮನೆಯಲ್ಲಿ ಹಿತ್ತಲು ಗುಡಿಸುವುದು ಆಯಿಯ ಕೆಲಸ. ಆಯಿ ಅಂದರೆ ಅಕ್ಕನ ಅತ್ತೆ, ಮನೆಗೆ ಬಂದವರೆಲ್ಲ ಅವರನ್ನು ಹಾಗೇ ಕರೆಯುತ್ತಾರೆ. ಬೆಳಿಗ್ಗೆ ಚಾ ಆಗುವ ಮುಂಚೆ ಕಡ್ಡಿ ಪೊರಕೆ ಹಿಡಿದರೆ ಸಾವಿರ ಚದರ ಅಡಿಯಲ್ಲಿ ಒಂದು ಎಲೆ ಉಳಿಯುವಂತಿಲ್ಲ. ಗುಡಿಸಿದ ದರಕು, ಅಂದರೆ ಉದುರಿದ ಒಣ ಎಲೆ, ಬುಟ್ಟಿ ತುಂಬಿ ಗೊಬ್ಬರಗುಂಡಿಗೆ. ಇದು ಸೋಮಾರಿಗಳಿಗೆ ಅರ್ಥವಾಗದ ಶಿಸ್ತು, ನಾನು ಗೌರವದಿಂದಲೇ ಹೇಳುತ್ತಿದ್ದೇನೆ. ಅಡಿಕೆ ತೋಟದ ಊರಿನಲ್ಲಿ ದರಕು ಅಂದರೆ ಬಂಗಾರ. ಎಕರೆ ತೋಟಕ್ಕೆ ಇಷ್ಟು ಎಕರೆ ಅಂತ ಲೆಕ್ಕ ಹಾಕಿ ಸೊಪ್ಪಿನ ಬೆಟ್ಟ, ಅಂದರೆ ತೋಟದವರು ಸೊಪ್ಪು ತರುವ ಕಾಡು, ಬಿಟ್ಟುಕೊಟ್ಟದ್ದೇ ಈ ಸೊಪ್ಪು, ದರಕಿಗಾಗಿ.

ಆದರೆ ಆ ಬುಟ್ಟಿಯಲ್ಲಿ ದರಕು ಮಾತ್ರ ಹೋಗುತ್ತಿರಲಿಲ್ಲ. ಹಿಂದಿನ ಧರೆಯ ಮೇಲೆ ಕರ್ಣಕುಂಡಲ ಯಾವತ್ತೂ ಇತ್ತು. ಮಳೆ ಕಮ್ಮಿಯಾಗುವ ಹೊತ್ತಿಗೆ ಅದರ ಕಾಯಿ ಬಲಿಯುತ್ತದೆ. ಬಲಿತ ಕಾಯಿಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಟಪ್ ಅಂತ ಒಡೆದು, ಸಿಪ್ಪೆ ಐದು ಸೀಳಾಗಿ ಒಳಕ್ಕೆ ಸುರುಳಿ ಸುತ್ತಿಕೊಂಡು, ಬೀಜ ಚಿಮ್ಮುತ್ತದೆ. ಈ ಜಾತಿಗೆ ಸಸ್ಯಶಾಸ್ತ್ರದವರು ಇಂಪೇಶನ್ಸ್, ಅಂದರೆ ತಾಳ್ಮೆಗೆಟ್ಟದ್ದು ಅಂತ ಹೆಸರಿಟ್ಟದ್ದು ಸುಮ್ನೆ ಅಲ್ಲ. ಹಾಗೆ ಚಿಮ್ಮಿದ ಬೀಜ ಧರೆಯಿಂದ ಉರುಳಿ ಹಿತ್ತಲಿಗೆ ಬರುತ್ತಿತ್ತು. ಮರುದಿನ ಬೆಳಿಗ್ಗೆ ದರಕಿನ ಜೊತೆ ಗುಂಡಿಗೆ ಹೋಗುತ್ತಿತ್ತು. ಗುಂಡಿಯ ಏರಿಯಲ್ಲಿ ಅಷ್ಟು ಹೂ ಯಾಕೆ ಅಂತ ಈಗ ಗೊತ್ತಾಯ್ತಲ್ವಾ? ಹಿತ್ತಲಿನ ಹೂದೋಟವನ್ನು ನಾವೇ ದಿನಾ ಬುಟ್ಟಿಯಲ್ಲಿ ಹೊತ್ತು ಆಚೆ ಹಾಕುತ್ತಿದ್ದೆವು.

ಬೀಜ ಒಂದೇ ಅಲ್ಲ. ದರಕು ಇಲ್ಲದ ನೆಲಕ್ಕೆ ಮರದ ಕೆಳಗಿನ ಮಳೆ ಬಹಳ ಕಷ್ಟ. ಮರದ ಕೆಳಗೆ ಮಳೆ ಮೆತ್ತಗೆ ಬೀಳುತ್ತದೆ ಅಂತ ನಾವು ತಿಳಿದಿರುತ್ತೇವೆ. ಎಲೆಯ ಮೇಲೆ ನೀರು ಕೂಡಿ, ತುದಿಗೆ ಬಂದು ಉದುರುವ ಹನಿ ಸಾದಾ ಮಳೆಹನಿಗಿಂತ ದಪ್ಪ. ಎತ್ತರದ ಮರದಿಂದ ಅದು ಬಿದ್ದರೆ ಬರಿ ನೆಲ ಗುಂಡಿ ಬೀಳುತ್ತದೆ, ನಯವಾದ ಮಣ್ಣು ಎದ್ದು ಹರಿದುಹೋಗುತ್ತದೆ, ಉಳಿದದ್ದು ಗಾರೆ ನೆಲದ ಹಾಗೆ ಗಟ್ಟಿಯಾಗುತ್ತದೆ. ಕಾಡಿನಲ್ಲಿ ಆ ಪೆಟ್ಟನ್ನು ತಿನ್ನುವುದು ದರಕು.

ಆಯಿಯ ತಕರಾರು

“ದರಕು ಇದ್ದಲ್ಲಿ ಹಾವು ಬತ್ತು ತಮಾ,” ಅಂದರು ಆಯಿ. ಅವರ ಮಾತು ತೆಗೆದುಹಾಕುವಂಥದ್ದಲ್ಲ. ಕನ್ನಡಿ ಹಾವು, ಮಂಡಲದ ಹಾವು ದರಕಿನಲ್ಲಿ ಮಲಗಿದ್ದರೆ ಕಾಣುವುದೇ ಇಲ್ಲ. ಕಾಡುಹೂವಿನ ಚಂದಕ್ಕೆ ಕಚ್ಚಿಸಿಕೊಳ್ಳಿ ಅಂತ ಯಾರಿಗೂ ಹೇಳಲಾಗದು. ಜೊತೆಗೆ ಉಂಬಳದ (ಜಿಗಣೆ) ಕಾಟ. ಹಾಗಂತ ಅವರು ಗಲಾಟೆ ಮಾಡಲಿಲ್ಲ. ಬರೀ ಗುಡಿಸುವುದನ್ನು ಮುಂದುವರಿಸಿದರು.

ಕೊನೆಗೆ ಭಾವ ದಾರಿ ಹುಡುಕಿದರು. ಮನೆಯ ಗೋಡೆಯಿಂದ ಆರು ಅಡಿ, ಬಚ್ಚಲಿಗೆ ಮತ್ತು ಕೊಟ್ಟಿಗೆಗೆ ಹೋಗುವ ದಾರಿ ಮೂರು ಅಡಿ ಅಗಲ, ಇಷ್ಟು ಆಯಿಯದ್ದು. ಅಲ್ಲಿ ಎಲೆ ಕಾಣಬಾರದು. ಉಳಿದದ್ದು ಅಕ್ಕನದ್ದು. ಎರಡರ ನಡುವೆ ಜಂಬಿಟ್ಟಿಗೆ ಕಲ್ಲಿನ ಸಾಲು ಇಟ್ಟೆವು. 2022ರ ನವೆಂಬರಿನಿಂದ ಈ ಒಪ್ಪಂದ ಜಾರಿಯಲ್ಲಿದೆ. ಕಲ್ಲಿನ ಆಚೆ ಕೈ ಹಾಕುವಾಗ ಮೊದಲು ಕೋಲಿನಿಂದ ದರಕು ಅಲುಗಿಸಬೇಕು, ಕಾಲಿಗೆ ಗಂಬೂಟ್ ಬೇಕು, ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಹೋಗಬಾರದು. ಈವರೆಗೆ ಕಂಡದ್ದು ಎರಡು ಕೇರೆ ಹಾವು, ಒಂದು ಹಸಿರು ಹಾವು.

ಕಲ್ಲು ಇಟ್ಟದ್ದರಿಂದ ಇನ್ನೊಂದು ಲಾಭ ಆಯಿತು. ನೋಡಿದವರಿಗೆ ಇದು ಬಿಟ್ಟುಹಾಕಿದ ಜಾಗ ಅನ್ನಿಸುವುದಿಲ್ಲ, ಬೇಕಂತಲೇ ಮಾಡಿದ್ದು ಅನ್ನಿಸುತ್ತದೆ. ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಬೆಳಕು ಎಷ್ಟು?

ನೆರಳು ಅಂದರೆ ಒಂದೇ ನೆರಳಲ್ಲ. ನಾವು ಮಾಡಿದ ಪರೀಕ್ಷೆ ಬಹಳ ಸರಳ. ಮಧ್ಯಾಹ್ನ ಹನ್ನೆರಡಕ್ಕೆ ಬಿಳಿ ಪಂಚೆ ಹಾಸಿ, ಒಂದು ಗೇಣು ಮೇಲೆ ಕೈ ಹಿಡಿಯುವುದು. ಬೆರಳಿನ ನೆರಳು ಅಂಚು ಸಮೇತ ಸ್ಪಷ್ಟವಾಗಿ ಬಿದ್ದರೆ ಅಲ್ಲಿ ಬೆಳಕು ಜಾಸ್ತಿ. ಮಸುಕಾಗಿ ಕೈ ಅಂತ ಗೊತ್ತಾದರೆ ಕಾಡುಹೂವಿಗೆ ಹೇಳಿ ಮಾಡಿಸಿದ ಜಾಗ. ಏನೂ ಬೀಳದಿದ್ದರೆ ಹಸಿರು ಎಲೆಯ ಆಸೆ ಇಟ್ಟುಕೊಳ್ಳಬಹುದು, ಹೂವಿನ ಆಸೆ ಬೇಡ.

ಹಲಸಿನ ಕೆಳಗೆ ಏನೂ ಬೀಳಲಿಲ್ಲ. ಹಲಸು, ಮಾವು ವರ್ಷಪೂರ್ತಿ ಎಲೆ ಹೊತ್ತಿರುವ ಮರಗಳು. 2023ರ ಫೆಬ್ರವರಿಯಲ್ಲಿ ಮರ ಹತ್ತುವವರನ್ನು ಕರೆಸಿ ಕೆಳಗಿನ ಕೊಂಬೆಗಳನ್ನು ಹನ್ನೆರಡು ಅಡಿ ಎತ್ತರದವರೆಗೆ ಸವರಿಸಿದೆವು. ತಲೆ ಮುಟ್ಟಲಿಲ್ಲ. ಬೆಳಕು ಮೇಲಿಂದ ಬರುವ ಬದಲು ಓರೆಯಾಗಿ, ಬೆಳಿಗ್ಗೆ ಮತ್ತು ಸಂಜೆ ಒಳಗೆ ಬರತೊಡಗಿತು. ಅಷ್ಟು ಸಾಕಾಯಿತು.

ಮತ್ತಿ ಮರದ ಕಥೆ ಬೇರೆ. ಅದು ಬೇಸಿಗೆಗೆ ಎಲೆ ಉದುರಿಸಿ ಬೋಳಾಗುತ್ತದೆ. ಮೊದಲ ಮಳೆ ಬಿದ್ದಾಗ ಅದರ ಬುಡದಲ್ಲಿ ಬಿಸಿಲು ಇನ್ನೂ ಇರುತ್ತದೆ. ಚಿಗುರು ಬಲಿತು ನೆರಳು ಕಟ್ಟುವ ಮೊದಲು ಮೂರ್ನಾಲ್ಕು ವಾರದ ಅವಕಾಶ. ಕಾಡಿನ ಗಡ್ಡೆ ಗಿಡಗಳು ಕಾಯುವುದು ಇದೇ ಗಳಿಗೆಗೆ.

ನೆಟ್ಟದ್ದು, ತಾನೇ ಬಂದದ್ದು

ಕರ್ಣಕುಂಡಲಕ್ಕೆ ನಾವು ಮಾಡಿದ ಉಪಚಾರ ಕಮ್ಮಿ. ಧರೆಯ ಗಿಡದಿಂದ ಬಲಿತ ಕಾಯಿಗಳನ್ನು, ಒಡೆಯುವ ಮುಂಚೆ ಬಟ್ಟೆ ಚೀಲ ಕಟ್ಟಿ ಹಿಡಿದು, ಬೀಜವನ್ನು ಹಿತ್ತಲಿನ ದರಕಿನ ಮೇಲೆ ಎರಚಿದೆವು. ಮಣ್ಣು ಮುಚ್ಚಲಿಲ್ಲ. ಮುಂಗಾರು ಹಿಡಿದ ಎರಡು ವಾರಕ್ಕೆ ಮೊಳಕೆ, ಸುಮಾರು ಎರಡು ತಿಂಗಳಿಗೆ ಹೂ. ಒಂದು ಎಚ್ಚರಿಕೆ: ದರಕು ಎರಡು ಬೆರಳು ದಪ್ಪ ಇದ್ದರೆ ಸಸಿ ತೂರಿಕೊಂಡು ಬರುತ್ತದೆ, ಒಂದು ಗೇಣು ಇದ್ದರೆ ಇಲ್ಲ. ಹಲಸಿನ ಎಲೆ ದಪ್ಪ, ತೊಗಲಿನ ಹಾಗೆ, ಬೇಗ ಕೊಳೆಯುವುದಿಲ್ಲ. ಅದನ್ನು ಕತ್ತಿಯಲ್ಲಿ ಒರಟಾಗಿ ಕೊಚ್ಚಿ ಹರಡಿದೆವು. ಮತ್ತಿ ಎಲೆ ಹಾಗೇ ಬಿಟ್ಟರೂ ನಡೆಯುತ್ತದೆ.

ಪಶ್ಚಿಮ ಘಟ್ಟದಲ್ಲಿ ಈ ಇಂಪೇಶನ್ಸ್ ಬಳಗದ ನೂರಕ್ಕೂ ಹೆಚ್ಚು ಬಗೆ ಇವೆ. ಹೆಚ್ಚಿನವು ಬೇರೆಲ್ಲೂ ಇಲ್ಲ. ನಮ್ಮದು ಅದರಲ್ಲಿ ತೀರಾ ಸಾಮಾನ್ಯವಾದದ್ದು, ಎಲ್ಲಿ ಬೇಕಾದರೂ ಹೊಂದಿಕೊಳ್ಳುವ ಜಾತಿ. ಒದ್ದೆ ಬಂಡೆ, ಜಿನುಗುವ ಧರೆ ಮಾತ್ರ ಬೇಕೆನ್ನುವ ಅಪರೂಪದವನ್ನು ತಂದು ಹಿತ್ತಲಲ್ಲಿ ಸಾಯಿಸುವುದು ಬೇಡ ಅಂತ ಮೊದಲೇ ನಿರ್ಧರಿಸಿದ್ದೆವು.

ನನಗೆ ಈ ತೋಟದಲ್ಲಿ ಎಲ್ಲಕ್ಕಿಂತ ಇಷ್ಟದ ಹೂ ನೆಲಸಂಪಿಗೆ. ಪಕ್ಕದ ಮನೆಯವರ ಅಂಗಳದಿಂದ ಏಳು ಗಡ್ಡೆ ಕೇಳಿ ತಂದು ಮತ್ತಿ ಬುಡದಲ್ಲಿ ಹೂಳಿದ್ದು 2023ರ ಮಾರ್ಚಿನಲ್ಲಿ. ಇದು ಶುಂಠಿ, ಅರಿಶಿನದ ನೆಂಟ. ಬೇಸಿಗೆಯಲ್ಲಿ ನೆಲದ ಮೇಲೆ ಇದರ ಗುರುತೇ ಇರುವುದಿಲ್ಲ. ಮೊದಲ ಒಂದೆರಡು ಗುಡುಗು ಮಳೆ ಆದ ಮೇಲೆ, ಒಂದು ಬೆಳಿಗ್ಗೆ ಹೋದರೆ ದರಕನ್ನು ಸೀಳಿಕೊಂಡು ಹೂ ನೇರ ಮಣ್ಣಿನಿಂದ ಎದ್ದಿರುತ್ತದೆ. ಎಲೆ ಇಲ್ಲ, ಕಾಂಡ ಇಲ್ಲ. ತೆಳುವಾದ ಬಿಳಿ ಪಕಳೆ, ನಡುವೆ ನೇರಳೆ ತುಟಿ. ಬಗ್ಗಿ ಮೂಗು ನೆಲದ ಹತ್ತಿರ ತಂದರೆ ಪರಿಮಳ. ಸಂಜೆ ಹೊತ್ತಿಗೆ ಒದ್ದೆ ಕಾಗದದ ಹಾಗೆ ಮುದುಡುತ್ತದೆ. ಮರುದಿನ ಅದರ ಪಕ್ಕ ಇನ್ನೊಂದು. ಹೂವಿನ ಸರದಿ ಮುಗಿದ ಮೇಲಷ್ಟೇ ಎಲೆ ಬರುವುದು, ಅಡಿಭಾಗ ನೇರಳೆ ಬಣ್ಣದ್ದು.

ಇದೇ ಜಾತಿಯ ಬೇರೆ ಗಡ್ಡೆಯನ್ನು ಅಕ್ಕ ಎರಡು ಕುಂಡದಲ್ಲೂ ನೆಟ್ಟಿದ್ದಳು. ಚಳಿಗಾಲದಲ್ಲಿ ಎಲೆ ಒಣಗಿತು. ಪಾಪ ಅನ್ನಿಸಿ ಜನವರಿಯಿಂದ ಏಪ್ರಿಲ್‌ವರೆಗೆ ದಿನಾ ನೀರು ಹಾಕಿದಳು. ಮೇನಲ್ಲಿ ಕುಂಡ ಮಗುಚಿದರೆ ಗಡ್ಡೆ ಇದ್ದ ಜಾಗದಲ್ಲಿ ಕಂದು ಲೋಳೆ. ನೆಲದಲ್ಲಿ ಇದ್ದವಕ್ಕೆ ಯಾರೂ ನೀರು ಕೊಡಲಿಲ್ಲ, ಅವು ಚೆನ್ನಾಗಿದ್ದವು. ಇಂಟರ್‌ನೆಟ್ಟಿನಲ್ಲಿ ನೆರಳಿನ ತೋಟ ಅಂತ ಹುಡುಕಿದರೆ ಬರುವುದು ಹೆಚ್ಚಾಗಿ ಹಿಮ ಬೀಳುವ ದೇಶದ ಸಲಹೆ. ಅಲ್ಲಿಯ ಗಿಡ ಚಳಿಗೆ ಮಲಗುತ್ತದೆ. ನಮ್ಮದು ಮಲಗುವುದು ಒಣ ಹವೆಗೆ. ಅಲ್ಲಿ ಬೇಸಿಗೆಯಲ್ಲಿ ನೀರುಣಿಸು ಅನ್ನುವುದು ಸರಿ. ಇಲ್ಲಿ ಅದೇ ಮಾಡಿದರೆ ಮಲಗಿದ ಗಡ್ಡೆ ಕೊಳೆಯುತ್ತದೆ.

ಗೌರಿ ಹೂವನ್ನು ಬೇಲಿಯಿಂದ ತಂದೆವು. ಅದರ ಗಡ್ಡೆ ಬಾಗಿದ ಕೋಲಿನ ಹಾಗಿರುತ್ತದೆ, ಮೊಳಕೆ ಕಣ್ಣು ತುದಿಯಲ್ಲಿ ಮಾತ್ರ. ಕೀಳುವಾಗ ಆ ತುದಿ ಮುರಿದರೆ ಮುಗಿಯಿತು. ಐದರಲ್ಲಿ ಎರಡನ್ನು ಹಾಗೇ ಕಳೆದುಕೊಂಡೆವು. ಉಳಿದ ಮೂರು, ಎಲೆಯ ತುದಿಯನ್ನೇ ಸುರುಳಿ ಮಾಡಿಕೊಂಡು ಮುರುಗಲಿನ ರೆಂಬೆ ಹಿಡಿದು ಹತ್ತಿದವು. ಮೊಗ್ಗು ಹಸಿರು, ಅರಳಿದಾಗ ಬುಡ ಹಳದಿ, ತುದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಆದರೆ ಇದು ವಿಷದ ಗಿಡ, ಗಡ್ಡೆಯಂತೂ ತುಂಬ ವಿಷ. ಕಾಲ್ಚಿಸಿನ್ ಅನ್ನುವ ವಸ್ತು ಇದರಲ್ಲಿದೆ. ಗೆಣಸು ಅಂತ ತಿಂದರೆ ಜೀವಕ್ಕೇ ಅಪಾಯ. ಹಾಗಾಗಿ ಕರು, ಮಕ್ಕಳು ಹೋಗದ ಮೂಲೆಯಲ್ಲಿ ಮಾತ್ರ ಇಟ್ಟಿದ್ದೇವೆ.

ಅಷ್ಟು ವಿಷದ ಗಿಡವನ್ನೂ ತಿನ್ನುವ ಹುಳ ಇದೆ. ಜುಲೈನಲ್ಲಿ ಕಪ್ಪು ಮೈಗೆ ಬಿಳಿ, ಕಿತ್ತಳೆ ಚುಕ್ಕೆಯ ಕಂಬಳಿಹುಳದಂಥವು ಬಂದು ಮೂರು ದಿನದಲ್ಲಿ ಒಂದು ಬಳ್ಳಿಯ ಎಲೆ ಪೂರ್ತಿ ಖಾಲಿ ಮಾಡಿದವು. ಲಿಲ್ಲಿ ಪತಂಗದ ಮರಿಗಳು ಅವು. ಅಕ್ಕ ಔಷಧಿ ಹೊಡೆಯೋಣ ಅಂದಳು. ನಾನು ಬೇಡ ಅಂದೆ. ಕೊನೆಗೆ ಎರಡು ಬಳ್ಳಿಯಿಂದ ಹುಳ ಕೈಯಲ್ಲಿ ಆರಿಸಿ ತೆಗೆದು, ಒಂದನ್ನು ಅವಕ್ಕೇ ಬಿಟ್ಟುಕೊಟ್ಟೆವು.

ಉಳಿದವು ಚುಟುಕಾಗಿ. ಚಂಗಲಕೋಷ್ಠವನ್ನು ತೋಟದ ಬದುವಿನಿಂದ ಕಿತ್ತು ತಂದೆವು. ಸುರುಳಿ ಮೆಟ್ಟಿಲಿನ ಹಾಗೆ ಎಲೆ, ಕೆಂಪು ತೆನೆಯಲ್ಲಿ ಬಿಳಿ ಹೂ, ಎಲ್ಲಿ ನೆಟ್ಟರೂ ಬರುತ್ತದೆ. ನೆಲತಾಳೆ ತಾನೇ ಬಂತು. ಪುಟ್ಟ ಅಡಿಕೆ ಸಸಿಯಂಥ ಎಲೆ, ಬುಡದಲ್ಲಿ ಹಳದಿ ನಕ್ಷತ್ರ. ಒಂದೆಲಗ ದಾರಿಯ ಅಂಚಿಗೆ ತಾನೇ ಹಬ್ಬಿತು, ಅದು ತಂಬುಳಿಗೂ ಆಯಿತು. ಹಲಸಿನ ಒಣ ಕೊಂಬೆ ಗಾಳಿಗೆ ಮುರಿದಾಗ ಅದರ ಜೊತೆ ಸೀತಾಳೆ ದಂಡೆಯೂ (ಮರದ ಮೇಲೆ ಬೆಳೆಯುವ ಆರ್ಕಿಡ್) ಬಿತ್ತು. ತೆಂಗಿನ ನಾರಿನಿಂದ ಅದನ್ನು ಮತ್ತೆ ಕಾಂಡಕ್ಕೆ ಕಟ್ಟಿದೆವು. ಎರಡು ವರ್ಷ ಸುಮ್ಮನಿದ್ದು ಮೂರನೇ ವರ್ಷದ ಮೇನಲ್ಲಿ ದಂಡೆ ಬಿಟ್ಟಿತು.

ಸುವರ್ಣಗಡ್ಡೆಯ ವಿಷಯ ಹೇಳದಿದ್ದರೆ ಅಕ್ಕನಿಗೆ ಬೇಜಾರಾಗುತ್ತದೆ. ಅಡುಗೆಗೆ ತಂದು ಮಿಕ್ಕ ಗಡ್ಡೆಯನ್ನು ಕಿಟಕಿ ಕೆಳಗೆ ಹೂತಿದ್ದಳು. ಮರುವರ್ಷ ಮಳೆ ಬಿದ್ದ ಮೇಲೆ ಮನೆಯಲ್ಲಿ ಹೆಗ್ಗಣ ಸತ್ತ ವಾಸನೆ. ಅಟ್ಟ ಹುಡುಕಿದರು, ಪತ್ತಾಸು ಪೆಟ್ಟಿಗೆ ಸರಿಸಿದರು. ಕೊನೆಗೆ ಕಿಟಕಿಯಿಂದ ಬಗ್ಗಿ ನೋಡಿದರೆ ಒಂದು ಮೊಳ ಅಗಲದ ನೇರಳೆ ಹೂ, ಮೇಲೆ ನೊಣ ಮುತ್ತಿಕೊಂಡಿವೆ. ಕೊಳೆತ ಮಾಂಸದ ವಾಸನೆ ಬೀರಿ ನೊಣ, ಜೀರುಂಡೆ ಕರೆಯುವುದೇ ಅದರ ಕೆಲಸ. ಎರಡು ದಿನ ಕಿಟಕಿ ಮುಚ್ಚಿಯೇ ಅಡುಗೆ.

ಕೈ ಸುಟ್ಟುಕೊಂಡದ್ದು

2022ರಲ್ಲಿ ಬೋಳು ನೆಲ ಬೇಗ ಮುಚ್ಚಲಿ ಅಂತ ಯಾರೋ ಕೊಟ್ಟ ಹಳದಿ ಹೂವಿನ ಹಬ್ಬು ಬಳ್ಳಿ ತಂದೆವು. ವೆಡೇಲಿಯಾ ಅಂತ ನರ್ಸರಿಗಳಲ್ಲಿ ಸಿಗುತ್ತದೆ. ಮಧ್ಯ ಅಮೆರಿಕ ಕಡೆಯದ್ದು. ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರಿದೆ ಅಂತ ಗೊತ್ತಾಗುವ ಹೊತ್ತಿಗೆ ಅದು ಕಾಲು ಹಿತ್ತಲು ಹಿಡಿದಿತ್ತು. ಗೆಣ್ಣು ಗೆಣ್ಣಿಗೂ ಬೇರು. ಒಂದು ತುಂಡು ಉಳಿದರೂ ಮತ್ತೆ ಹುಟ್ಟುತ್ತದೆ. ಕಿತ್ತದ್ದನ್ನು ಗುಂಡಿಗೂ ಹಾಕುವಂತಿಲ್ಲ. ಬಿಸಿಲಲ್ಲಿ ಒಣಗಿಸಿ ಬಚ್ಚಲು ಒಲೆಗೆ ಹಾಕಿ ಮುಗಿಸಲು ಎರಡು ವರ್ಷ ಹಿಡಿಯಿತು.

ಇನ್ನೊಂದು ತಪ್ಪು ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಧರೆಯಲ್ಲಿ ಒಂದು ನೆಲದ ಆರ್ಕಿಡ್ ಬಿಳಿ ಹೂ ಬಿಟ್ಟಿತ್ತು. ಮಣ್ಣು ಸಮೇತ ಜೋಪಾನವಾಗಿ ಎತ್ತಿ ತಂದು ನೆಟ್ಟೆ. ಮರುವರ್ಷ ಅದು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆರ್ಕಿಡ್ ಬೇರು ಮಣ್ಣಿನ ಶಿಲೀಂಧ್ರದ ಜೊತೆ ಸೇರಿ ಬದುಕುವಂಥದ್ದು. ಅದರ ಬೀಜ ಧೂಳಿನಷ್ಟು ಸಣ್ಣ, ಒಳಗೆ ಬುತ್ತಿ ಇಲ್ಲ, ಮೊಳೆಯಲೂ ಆ ಶಿಲೀಂಧ್ರವೇ ಊಟ ಕೊಡಬೇಕು. ಗಿಡ ತಂದರೆ ಆ ನಂಟೂ ಜೊತೆಗೆ ಬರುತ್ತದೆ ಅಂತ ಹೇಳಲಾಗುವುದಿಲ್ಲ. ಅವತ್ತಿನಿಂದ ನಮ್ಮ ನಿಯಮ ಇಷ್ಟು: ಬೀಜ ತರಬಹುದು, ಸ್ವಂತ ಜಾಗದ, ಅಥವಾ ಕೇಳಿ ಪಡೆದ ಗಡ್ಡೆ ತರಬಹುದು. ಕಾಡಿನಿಂದ ಗಿಡ ಕೀಳುವಂತಿಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಕಾಡಿನ ಗಿಡ, ಹೂ, ಎಲೆ ಎಲ್ಲವೂ ಅರಣ್ಯ ಉತ್ಪನ್ನವೇ. ಕಾನೂನು ಪಕ್ಕಕ್ಕಿಟ್ಟರೂ, ಒಂದು ಧರೆಯ ಹೂವನ್ನು ನಾನೊಬ್ಬನೇ ಖಾಲಿ ಮಾಡಿದೆನಲ್ಲ ಅನ್ನುವುದು ಹೋಗುವುದಿಲ್ಲ.

ಕಾಡಿನ ಸೂಕ್ಷ್ಮ ಗಿಡಗಳನ್ನು ಬೆಳೆಸಿ ಉಳಿಸುವುದು ಬೇರೆಯದೇ ಮಟ್ಟದ ಕೆಲಸ. ವಯನಾಡಿನ ಗುರುಕುಲ ಬೊಟಾನಿಕಲ್ ಸ್ಯಾಂಕ್ಚುಯರಿಯವರು 1981ರಿಂದ ಅದನ್ನೇ ಮಾಡುತ್ತಿದ್ದಾರೆ. ಜರ್ಮನಿಯಿಂದ ಬಂದ ವುಲ್ಫ್‌ಗ್ಯಾಂಗ್ ಥಾಯರ್‌ಕಾಫ್ ಶುರು ಮಾಡಿದ ಜಾಗ ಅದು. ಒಂದು ಹಿತ್ತಲು, ಒಂದು ಭಾನುವಾರ ಇಟ್ಟುಕೊಂಡವರು ಅವರ ಹಾಗೆ ಮಾಡಲು ಹೋಗಬಾರದು.

ಎರಡು ಮಳೆಗಾಲ

2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ. ಆಗಸ್ಟ್ ಅಂತೂ ದೇಶದ ಲೆಕ್ಕದಲ್ಲಿ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ಶಿರಸಿಯಂಥ ಊರಿನಲ್ಲೂ ಆಗಸ್ಟಿನಲ್ಲಿ ಹೊಲ ಬಿರಿಯಿತು. ಗೊಬ್ಬರಗುಂಡಿ ಏರಿಯ ಕರ್ಣಕುಂಡಲ ಮಧ್ಯಾಹ್ನದ ಹೊತ್ತು ಸೊರಗಿ ಬಾಗುತ್ತಿತ್ತು. ಹಿತ್ತಲಿನ ದರಕಿನ ನಡುವಿನವು ಬಾಗಲಿಲ್ಲ. ಬೆರಳಿನಿಂದ ದರಕು ಸರಿಸಿದರೆ ಕೆಳಗೆ ಇನ್ನೂ ತಂಪು. ಅವತ್ತು ಆಯಿ ಕಲ್ಲಿನ ಸಾಲಿನ ಈಚೆ ನಿಂತು ನೋಡಿದರು. ಏನೂ ಹೇಳಲಿಲ್ಲ.

2024ರ ಜುಲೈ ಅದರ ಉಲ್ಟಾ. ಬಿಡದೆ ಸುರಿದ ಮಳೆಗೆ ಧರೆಯ ನೀರು ಹಿತ್ತಲಿಗೆ ನುಗ್ಗಿ ಒಂದು ಬದಿಯ ದರಕನ್ನೆಲ್ಲ ಕೊಚ್ಚಿಕೊಂಡು ದಾರಿಗೆ ತಂದು ಹಾಕಿತು. ಸಸಿಗಳೂ ಹೋದವು. ಇಳಿಜಾರಿಗೆ ಅಡ್ಡ ಒಣ ಕೊಂಬೆ ಮಲಗಿಸಿ ಗೂಟ ಹೊಡೆದ ಮೇಲೆ ನಿಂತಿತು. ಇದನ್ನು ಮೊದಲೇ ಮಾಡಬೇಕಿತ್ತು. ಆಮೇಲೆ ಆಫ್ರಿಕನ್ ಬಸವನಹುಳು ಬಂದವು. ರಾತ್ರಿ ಟಾರ್ಚ್ ಹಿಡಿದು ಅಕ್ಕ, ಭಾವ ಬಕೆಟ್ ತುಂಬ ಆರಿಸಿದರು. ದರಕು ಬಿಟ್ಟ ತಪ್ಪಿಗೆ ಇದೂ ಒಂದು ದಂಡ, ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ ಬಂತು. ನಮ್ಮ ಕಡೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರೆ. ಕಾಡಿನ ಕಾಯಿ, ಹೂ, ತೆನೆ ಎಲ್ಲ ಬೇಕು. ಅದಕ್ಕಾಗಿ ಹಿಂದಿನ ದಿನ ಹುಡುಗರು ಬೆಟ್ಟ ಅಲೆಯುವುದು ಪದ್ಧತಿ. ಆ ಮನೆಯಲ್ಲಿ ಈಗ ಬೆಟ್ಟ ಅಲೆಯುವ ಹುಡುಗರಿಲ್ಲ, ಮಗ ಹುಬ್ಬಳ್ಳಿಯಲ್ಲಿ ಓದುತ್ತಾನೆ. ಎರಡು ವರ್ಷದಿಂದ ಪೇಟೆಯಿಂದ ನಾನು ಒಯ್ದದ್ದರಲ್ಲೇ ಶಾಸ್ತ್ರ ಮುಗಿಸುತ್ತಿದ್ದರು. ಅವತ್ತು ನಾನು ಚೀಲ ಹಿಡಿದು ಹೋದಾಗ ಆಯಿ ಗಂಬೂಟ್ ಹಾಕಿಕೊಂಡು ಕಲ್ಲಿನ ಆಚೆ ನಿಂತಿದ್ದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಗೌರಿ ಹೂ, ಚಂಗಲಕೋಷ್ಠದ ಕೆಂಪು ತೆನೆ.

“ಈ ವರ್ಷ ಬೆಟ್ಟಕ್ಕೆ ಹೋಪದು ಬ್ಯಾಡ,” ಅಂದರು.

ಲೆಕ್ಕಕ್ಕೆ ಬಂದರೆ, 2022ರ ನವೆಂಬರಿನಿಂದ ಈಚೆಗೆ ಖರ್ಚಾದದ್ದು ಒಟ್ಟು 3,200 ರೂಪಾಯಿ. ಅದರಲ್ಲಿ ಹೆಚ್ಚಿನದು ಮರ ಸವರಿದವರ ಕೂಲಿ, ಉಳಿದದ್ದು ಗಂಬೂಟ್. ಗಿಡಕ್ಕೆ ಅಂತ ದುಡ್ಡು ಕೊಟ್ಟಿಲ್ಲ. ಏಳು ನೆಲಸಂಪಿಗೆ ಗಡ್ಡೆಯಲ್ಲಿ ಒಂದನ್ನು ಮುಳ್ಳುಹಂದಿ ತಿಂದಿತು. ಉಳಿದ ಆರು ಹಿಂಡಾಗಿ, 2025ರ ಮೇ ತಿಂಗಳಿನಲ್ಲಿ ಅಕ್ಕ ಎಣಿಸಿದ್ದು 31 ಹೂ. ಗೊಬ್ಬರಗುಂಡಿಗೆ ದರಕು ಕಮ್ಮಿಯಾಯಿತು ಅಂತ ಭಾವ ಆಗಾಗ ಗೊಣಗುತ್ತಾರೆ, ಅದೂ ನಿಜವೇ.

ದೊಡ್ಡ ಹಲಸಿನ ಬುಡದ ಸುತ್ತ ಆರು ಅಡಿ ಈಗಲೂ ಬೋಳು. ಅಲ್ಲಿ ಬೆಳಕೂ ಇಲ್ಲ, ಬೇರಿನ ಮಧ್ಯೆ ಮಣ್ಣೂ ಇಲ್ಲ. ನೆಟ್ಟದ್ದು ಉಳಿದರೂ ಮೇಲಿಂದ ಬಿದ್ದ ಕಾಯಿ ಜಜ್ಜುತ್ತದೆ. ಅಲ್ಲಿ ಏನೂ ನೆಡುವುದಿಲ್ಲ ಅಂತ ತೀರ್ಮಾನಿಸಿ ಒಂದು ಚಪ್ಪಡಿ ಕಲ್ಲು ಹಾಕಿಸಿದ್ದೇವೆ. ಸಂಜೆ ಆಯಿ ಕವಳ (ಎಲೆಯಡಿಕೆ) ಹಾಕಿಕೊಂಡು ಅಲ್ಲಿ ಕೂರುತ್ತಾರೆ. ಹಲಸು ಹಣ್ಣಾಗುವ ಎರಡು ತಿಂಗಳು ಮಾತ್ರ ಆ ಕಲ್ಲಿನ ಹತ್ತಿರ ಯಾರೂ ಸುಳಿಯುವುದಿಲ್ಲ.